ಆಶೀರ್ವಾದ ಬಸ್ಸಿನ ಹನ್ನೊಂದನೇ ಸೀಟಿನಿಂದ

ಮಾನ್ಮತ್ ಜಂಕ್ಷನ್, ನ್ಯೂಜೆರ್ಸಿ
ಜೂನ್ ೮, ೨೦೦೯

ಮಾನ್ಯ ಶ್ರೀ ಹರಿ ಅವರಿಗೆ,
ಮಾಲೀಕರು, ಹಂಸಪಥ ಟೂರ್ಸ್,
ಸೀರೆ ಅಂಗಡಿಯ ಮೇಲ್ಮಹಡಿ, ಓಕ್ ಟ್ರೀ ರೋಡ್, ಐಸೆಲಿನ್

ವಿಷಯ: ತಾವು ಕೇಳಿರುವ ಕ್ಷಮೆಯನ್ನು ಹಿಂತಿರುಗಿಸುವ ಬಗ್ಗೆ

ಮಾನ್ಯರೇ,

ತಾವು, ತಮ್ಮ ಕುಟುಂಬದವರು, ತಮ್ಮ ಎರಡೂ ಬಸ್ಸುಗಳು, ತಮ್ಮ ಕಚೇರಿಯ ಬಾಗಿಲಿಗೆ ವರ್ಷವಿಡೀ ಕಟ್ಟಿರುವ ಪ್ಲಾಸ್ಟಿಕ್ ಮಾವಿನ ತೋರಣ, ಎಲ್ಲವೂ ಕ್ಷೇಮವೆಂದು ನಂಬಿ ಸಾಷ್ಟಾಂಗ ನಮಸ್ಕಾರಗಳೊಂದಿಗೆ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಕನ್ನಡವೂ ಸೇರಿದಂತೆ ಆರು ಭಾಷೆಗಳಲ್ಲಿ ಸೇವೆ ಲಭ್ಯ ಎಂದು ಅಚ್ಚಾಗಿರುವುದರಿಂದ ಕನ್ನಡದಲ್ಲೇ ಬರೆಯುವ ಧೈರ್ಯ ಮಾಡಿದ್ದೇನೆ. ತಮಗೆ ಓದಲು ಬಾರದಿದ್ದರೆ ಚಿಂತೆಯಿಲ್ಲ, ಇದರ ಒಂದು ಪ್ರತಿಯನ್ನು ಇಲ್ಲಿಯ ಕನ್ನಡ ಸಂಘದ ಮಾಸಪತ್ರಿಕೆಗೂ ಕಳಿಸುತ್ತಿರುವುದರಿಂದ ಓದಿ ಹೇಳುವವರು ಶನಿವಾರ ಭಾನುವಾರ ತಮ್ಮ ರಸ್ತೆಯಲ್ಲೇ ತರಕಾರಿ ಚೀಲ ಹಿಡಿದು ಓಡಾಡುತ್ತಿರುತ್ತಾರೆ.

ಮೊದಲು ನನ್ನ ಪರಿಚಯ. ನನ್ನ ಹೆಸರು ಶಿವಲಿಂಗಮ್ಮ. ತಿಪಟೂರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು, ಪೋಸ್ಟ್‌ಮಾಸ್ಟರ್ ಆಗಿ ಕಳೆದ ಆಗಸ್ಟಿನಲ್ಲಿ ನಿವೃತ್ತಳಾದವಳು. ಸಾರ್ವಜನಿಕರ ದೂರುಗಳನ್ನು ಓದಿ, ಮೊಹರು ಒತ್ತಿ, ಫೈಲಿಗೆ ಸೇರಿಸುವುದರಲ್ಲೇ ನನ್ನ ಕೂದಲು ಬೆಳ್ಳಗಾಯಿತೇ ಹೊರತು ಒಂದು ದೂರನ್ನು ನಾನೇ ಬರೆಯುತ್ತಿರುವುದು ಇದೇ ಮೊದಲು. ಆ ಕೆಲಸ ನನಗೆ ಕಲಿಸಿದ್ದು ಎರಡೇ ಪಾಠ: ವಿಂಗಡಣೆ ತಪ್ಪಬಾರದು, ಬೇರೆಯವರ ಕಾಗದ ಓದಬಾರದು. ಎರಡಕ್ಕೂ ಈ ದೂರಿಗೂ ಸಂಬಂಧವಿದೆ, ತಾಳ್ಮೆಯಿಂದ ಓದಬೇಕು.

ತಾವು ಮೇ ತಿಂಗಳ ಕೊನೆಯಲ್ಲಿ ಕಳಿಸಿದ ಕ್ಷಮಾಪಣಾ ಪತ್ರ ಕೈಸೇರಿತು. ಪ್ರವಾಸದ ಏಳನೆಯ ದಿನ, ಜರ್ಮನಿಯಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ಹೆದ್ದಾರಿಯ ಪೆಟ್ರೋಲ್ ಬಂಕೊಂದರಲ್ಲಿ ನನ್ನನ್ನೂ ನನ್ನ ಮಗಳು ದಾಕ್ಷಾಯಿಣಿಯನ್ನೂ ಮರೆತು ನಾಲ್ಕು ಗಂಟೆ ಬಿಟ್ಟುಹೋಗಿದ್ದಕ್ಕೆ ತೀವ್ರ ವಿಷಾದ ಸೂಚಿಸಿ, ಇಂಥ ಪ್ರಮಾದ ಇನ್ನೆಂದಿಗೂ ಆಗದೆಂದು ಭರವಸೆ ಕೊಟ್ಟು, ಮುಂದಿನ ಪ್ರವಾಸಕ್ಕೆ ರಿಯಾಯಿತಿಯ ಕೂಪನ್ ಒಂದನ್ನೂ ಲಗತ್ತಿಸಿದ್ದೀರಿ. ಮಾನ್ಯರೇ, ತಮ್ಮ ವಿಷಾದ ತಪ್ಪು ವಿಳಾಸಕ್ಕೆ ಬಟವಾಡೆಯಾಗಿದೆ. ಹದಿಮೂರು ದಿನಗಳಲ್ಲಿ ತಾವು ನಮಗೆ ಸಲ್ಲಿಸಿದ ಸೇವೆ ಎಂಬುದು ಏನಾದರೂ ಇದ್ದರೆ ಅದು ಆ ನಾಲ್ಕು ಗಂಟೆ ಮಾತ್ರ. ಕ್ಷಮೆ ಕೇಳಬೇಕಾಗಿದ್ದದ್ದು ಉಳಿದ ಹನ್ನೆರಡು ದಿನ ಇಪ್ಪತ್ತು ಗಂಟೆಗಳಿಗೆ, ಅದರ ಬಗ್ಗೆ ತಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ.

ತಮ್ಮ ಜಾಹೀರಾತನ್ನು ನಾನು ಮೊದಲು ನೋಡಿದ್ದು ತಿಪಟೂರಿನಲ್ಲಿ. ನಿವೃತ್ತಿಗೆ ಒಂದು ವಾರ ಇರುವಾಗ ನನ್ನದೇ ಕೌಂಟರಿಗೆ ಅಮೆರಿಕದ ಲಕೋಟೆಯೊಂದು ಬಂತು. ಒಳಗೆ ತಮ್ಮ ನುಣುಪು ಕಾಗದದ ಹಾಳೆ: ಐಫೆಲ್ ಗೋಪುರದ ಮುಂದೆ ಒಬ್ಬ ತಾಯಿ, ಒಬ್ಬ ಮಗಳು, ಕೆನ್ನೆಗೆ ಕೆನ್ನೆ ಒತ್ತಿ ನಗುತ್ತಿದ್ದರು, ಕೆಳಗೆ 'ಅಮ್ಮನ ಜೊತೆ ಯೂರೋಪ್: ಹದಿಮೂರು ದಿನ, ಎಂಟು ದೇಶ, ಒಂದೇ ನೆನಪು' ಎಂದಿತ್ತು. ಅದರ ಅಂಚಿನಲ್ಲಿ ನನ್ನ ಮಗಳು ಪೆನ್ನಿನಲ್ಲಿ "ಅಮ್ಮ, ಬರ್ತೀಯಾ?" ಎಂದು ಬರೆದಿದ್ದಳು. ಒಂದು ವರ್ಷದಿಂದ ಹಬ್ಬಕ್ಕೊಂದು ಮೂರು ಸಾಲಿನ ಇಮೇಲ್ ಬಿಟ್ಟರೆ ಬೇರೇನೂ ಬರೆಯದ ಮಗಳು ಅವಳು. ಆ ಎರಡು ಪದ ಓದಿ ಕೌಂಟರಿನ ಹಿಂದೆ ನಿಂತೇ ಅತ್ತಿದ್ದೆ. ಆದ್ದರಿಂದ ತಮ್ಮ ಹಾಳೆಯ ಮೇಲೆ ನನಗೆ ಆಗ ಹುಟ್ಟಿದ ಭಕ್ತಿ ಸಾಧಾರಣದ್ದಲ್ಲ.

ಅವಳು ಏಕೆ ಬರೆಯುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಪ್ಪನ್ನು ಮುಚ್ಚಿಟ್ಟು ತಮ್ಮ ತಪ್ಪನ್ನು ಎತ್ತಿ ಆಡುವುದು ಸಭ್ಯತೆಯಲ್ಲ. ಅದಕ್ಕೂ ಹಿಂದಿನ ವರ್ಷ, ಸಂಜೆ ಐದಕ್ಕೆ, ನಾನು ಟಪಾಲು ಚೀಲಕ್ಕೆ ಅರಗು ಹಾಕಿಸುವ ಗಡಿಬಿಡಿಯಲ್ಲಿದ್ದಾಗ ಅವಳ ಫೋನ್ ಬಂತು. ತನ್ನ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಿಂದ ಮಾತಾಡುತ್ತಿದ್ದಳು, ಗಂಡ ಅರವಿಂದ್ ಜೊತೆ ಇನ್ನು ಬದುಕಲಾರೆ ಎಂದಳು. ನಾನು "ಸ್ವಲ್ಪ ಹೊಂದ್ಕೊಂಡು ಹೋಗು, ಎಲ್ಲಾ ಸರಿ ಹೋಗುತ್ತೆ" ಎಂದು ಫೋನ್ ಇಟ್ಟೆ. ಚೀಲ ಸಮಯಕ್ಕೆ ಸರಿಯಾಗಿ ಹೋಯಿತು. ಮಗಳು ಆಮೇಲೆ ಏನನ್ನೂ ಹೇಳಲಿಲ್ಲ, ವಿಚ್ಛೇದನ ಆದ ಸಂಗತಿ ಮೂರು ಸಾಲಿನಲ್ಲಿ ಬಂತು.

ಹಾಗಾಗಿ ಈ ಪ್ರವಾಸದಿಂದ ನಾನು ಬಯಸಿದ್ದು ಯೂರೋಪನ್ನಲ್ಲ, ಅಕ್ಕಪಕ್ಕದ ಎರಡು ಸೀಟುಗಳನ್ನು. ನಮ್ಮಂಥವರಿಗೆ ಎದುರುಬದುರು ಕೂತು ಮನಸ್ಸಿನ ಮಾತಾಡಿ ರೂಢಿಯಿಲ್ಲ. ಜನವರಿಯಲ್ಲಿ ನಾನು ಇಲ್ಲಿಗೆ ಬಂದ ಮೇಲೆ ಊಟದ ಮೇಜಿನಲ್ಲಿ ದಿನಾ ಎದುರೆದುರೇ ಕೂತೆವು. ಉಪ್ಪು ಸಾಕೇ, ನಾಳೆ ಸ್ನೋ ಬೀಳುತ್ತದೆಯೇ, ಇವು ಬಿಟ್ಟು ಮೂರನೆಯ ಮಾತು ಹೊರಡಲಿಲ್ಲ. ಕಾರಿನಲ್ಲಿ ಮಾತಾಡೋಣವೆಂದರೆ ದಾರಿ ತೋರಿಸುವ ಯಂತ್ರದ ಹೆಂಗಸು ಬಾಯಿ ಮುಚ್ಚುವುದಿಲ್ಲ. ಆದರೆ ಬಸ್ಸಿನಲ್ಲಿ ಪಕ್ಕಪಕ್ಕ ಕೂತು, ಇಬ್ಬರೂ ಕಿಟಕಿಯಾಚೆ ನೋಡುತ್ತ, ಎಂಥ ಮಾತನ್ನಾದರೂ ಮೆಲ್ಲಗೆ ಹೊರಗೆ ಬಿಡಬಹುದು. ತಿಪಟೂರಿನಿಂದ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಎಷ್ಟು ಸಂಸಾರಗಳು ಹೀಗೆ ರಿಪೇರಿಯಾಗಿವೆ ಎಂಬುದು ತಮಗೆ ಗೊತ್ತಿರಲಿಕ್ಕಿಲ್ಲ. ಹೊಂದಿಕೊಂಡು ಹೋಗು ಅಂದದ್ದು ತಪ್ಪಾಯಿತು ಎಂಬ ಒಂದು ವಾಕ್ಯ ಹೇಳಬೇಕಿತ್ತು, ಅದಕ್ಕೆ ಹದಿಮೂರು ದಿನ ಸಾಕೆಂದು ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ಬ್ಯಾಂಕುಗಳು ಮುಳುಗಿದವು. ಮ್ಯಾನ್‌ಹ್ಯಾಟನ್ನಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ನನ್ನ ಮಗಳು ಫೆಬ್ರವರಿಯಿಂದ "ವರ್ಕ್ ಫ್ರಮ್ ಹೋಮ್ ಅಮ್ಮ" ಎಂದು ಮನೆಯಲ್ಲೇ ಉಳಿದಳು. ಸೀಕಾಕಸ್‌ನಲ್ಲಿ ರೈಲು ಬದಲಿಸಿ ಹೋಗಿ ಬರುವ ಕಷ್ಟ ತಪ್ಪಿತಲ್ಲ ಎಂದು ನಾನೂ ಅಂದೆ. ಆದರೆ ಫ್ರಿಜ್ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಅವಳ ಆಫೀಸಿನ ಬ್ಯಾಡ್ಜ್ ಕಾಣೆಯಾಗಿತ್ತು, ನಿರುದ್ಯೋಗ ಭತ್ಯೆಯ ಕಚೇರಿಯಿಂದ ಕಿಟಕಿ ಲಕೋಟೆಗಳು ಬರುತ್ತಿದ್ದವು. ಲಕೋಟೆ ನೋಡಿ ಒಳಗೇನಿದೆ ಎಂದು ಹೇಳುವಷ್ಟು ಸರ್ವಿಸ್ ನನಗಿದೆ. ಅವಳಿಗೆ ಬಂದ ಕಾಗದ ಎಂದು ನಾನು ಕೇಳಲಿಲ್ಲ. ಟಿಕೆಟ್ ರದ್ದು ಮಾಡಿದರೆ ಬಿಡಿಗಾಸೂ ವಾಪಸಿಲ್ಲ ಎಂಬ ತಮ್ಮ ಘನವಾದ ನಿಯಮದಿಂದಾಗಿ ಮೇ ತಿಂಗಳಲ್ಲಿ ನಾವು ಹೊರಟೆವು.

ನ್ಯೂಅರ್ಕ್ ವಿಮಾನ ನಿಲ್ದಾಣದಲ್ಲಿ ತಮ್ಮವರು ನನ್ನ ಕೊರಳಿಗೆ ಕೇಸರಿ ಪಟ್ಟಿಯನ್ನೂ ಮಗಳ ಕೊರಳಿಗೆ ಹಸಿರು ಪಟ್ಟಿಯನ್ನೂ ಹಾಕಿದಾಗ ಚೆಂದವಾಗಿದೆ ಎಂದುಕೊಂಡೆವು. ಪ್ಯಾರಿಸ್ಸಿನಲ್ಲಿ ಇಳಿದ ಮೇಲೆ ತಿಳಿಯಿತು. ಆರ್ಥಿಕ ಬಿಕ್ಕಟ್ಟಿನ ದೆಸೆಯಿಂದ ಮೂರು ಗುಂಪುಗಳಲ್ಲಿ ಅರ್ಧಕ್ಕರ್ಧ ಜನ ಹಿಂದೆ ಸರಿದಿದ್ದರಂತೆ, ಉಳಿದವರನ್ನೆಲ್ಲ ಒಟ್ಟುಗೂಡಿಸಿ ಎರಡು ಬಸ್ಸು ಮಾಡಿ, ಐವತ್ತೈದು ದಾಟಿದವರಿಗೆ 'ಆಶೀರ್ವಾದ' ಎಂಬ ಬಸ್ಸು, ದಾಟದವರಿಗೆ 'ಉತ್ಸಾಹ' ಎಂಬ ಬಸ್ಸು ಎಂದು ವಿಂಗಡಿಸಿದ್ದಿರಿ. 'ಅಮ್ಮನ ಜೊತೆ' ಎಂದು ಕರೆದುತಂದು ಅಮ್ಮಂದಿರನ್ನೆಲ್ಲ ಒಂದು ಬಸ್ಸಿಗೆ, ಮಕ್ಕಳನ್ನೆಲ್ಲ ಇನ್ನೊಂದಕ್ಕೆ ತುಂಬುವ ಕಲ್ಪನೆ ಬೇರಾರಿಗೆ ಬಂದೀತು? ನಮ್ಮ ಇಲಾಖೆಯಲ್ಲಿ ಹೊಸದಾಗಿ ಸೇರಿದ ಹುಡುಗರು ಕೂಡ ಒಂದೇ ಲಕೋಟೆಯನ್ನು ಹರಿದು ಅರ್ಧವನ್ನು ಹಾಸನದ ಚೀಲಕ್ಕೂ ಅರ್ಧವನ್ನು ಅರಸೀಕೆರೆಯ ಚೀಲಕ್ಕೂ ಹಾಕಿದ್ದಿಲ್ಲ. ತಾವು ಅಂಚೆ ಇಲಾಖೆಗೆ ಬರಲಿಲ್ಲವಲ್ಲ ಎಂದು ದೇಶದ ಪರವಾಗಿ ಸಂತೋಷಪಟ್ಟೆ.

ಹಿರಿಯರು ನಿಧಾನ ಎಂಬ ಕಾರಣಕ್ಕೆ ನಮ್ಮ ಬಸ್ಸು ಪ್ರತಿದಿನ ಒಂದು ಗಂಟೆ ಮೊದಲು ಹೊರಡುತ್ತಿತ್ತು. ನಾನು ಗೋಪುರದ ಕೆಳಗಿದ್ದಾಗ ಮಗಳು ತಿಂಡಿ ತಿನ್ನುತ್ತಿದ್ದಳು, ಅವಳು ಗೋಪುರಕ್ಕೆ ಬಂದಾಗ ನನ್ನನ್ನು ಊಟಕ್ಕೆ ಕೂರಿಸಿದ್ದರು. ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಎಲ್ಲ ಊರುಗಳನ್ನೂ ನಾವು ಒಂದು ಗಂಟೆಯ ಅಂತರದಲ್ಲಿ ಒಟ್ಟಿಗೆ ನೋಡಿದೆವು. ಕೋಣೆಯ ಹಂಚಿಕೆಯೂ ಬಸ್ಸಿನ ಪ್ರಕಾರವೇ ಆದ್ದರಿಂದ ನನ್ನ ಪಾಲಿಗೆ ಸೀಕಾಕಸ್‌ನ ಎಪ್ಪತ್ತೆರಡು ವರ್ಷದ ಬೇಬಿಯವರು ಬಂದರು. ತುಂಬ ಒಳ್ಳೆಯ ಹೆಂಗಸು. ಅವರ ಮಗಳೂ ಹಸಿರು ಪಟ್ಟಿಯವಳೇ. ಸಂಜೆ ಊಟದ ಹಾಲಿನಲ್ಲಾದರೂ ಮಕ್ಕಳು ಸಿಗುತ್ತಾರೆಂದರೆ ಅಲ್ಲಿ ತಾವು ಏರ್ಪಡಿಸಿದ್ದ ಅಂತ್ಯಾಕ್ಷರಿಯ ಮೈಕು, ಮತ್ತು ಆ ಮೈಕಿನ ಮುಂದೆ ತಾಯಿ-ಮಗಳ ಪ್ರೀತಿಯ ಬಗ್ಗೆ ತಮ್ಮವರು ಮಾಡುತ್ತಿದ್ದ ಭಾಷಣ.

ನಮ್ಮ ಬಸ್ಸಿನ ಮ್ಯಾನೇಜರ್ ಟೋನಿಯವರು ಮಂಗಳೂರಿನ ಕಡೆಯವರು, ಮರ್ಯಾದಸ್ಥ ಯುವಕ. ಹನ್ನೊಂದನೇ ಸೀಟಿನಿಂದ ಎದ್ದು ಹೋಗಿ ಮೂರು ದಿನ ಅವರನ್ನು ಬೇಡಿಕೊಂಡೆ, ನನ್ನ ಪಕ್ಕದ ಹನ್ನೆರಡನೇ ಸೀಟಿನಲ್ಲಿ ಮಜ್ಜಿಗೆಯ ಡಬ್ಬವಿದೆ, ಅದನ್ನು ಕೆಳಗಿಟ್ಟರೆ ನನ್ನ ಮಗಳು ಕೂತುಕೊಳ್ಳಬಹುದು ಎಂದು. ಅವರು ನಿಜವಾಗಿ ನೊಂದುಕೊಂಡು, "ಎಂತ ಮಾಡುದು ಆಂಟಿ, ಸಿಸ್ಟಮ್‌ನಲ್ಲಿ ಲಾಕ್ ಆಗಿದೆ. ಬಸ್ಸು ಬೇರೆ ಆದ್ರೆ ಎಂತ, ಯೂರೋಪ್ ಒಂದೇ ಅಲ್ವಾ?" ಎಂದರು. ಮಜ್ಜಿಗೆಯ ಡಬ್ಬ ಎಂಟು ದೇಶಗಳನ್ನೂ ಕಿಟಕಿ ಪಕ್ಕದಲ್ಲೇ ಕೂತು ನೋಡಿತು. ಅದಕ್ಕೆ ಹೇಳಬೇಕಾದ ಮಾತು ನನ್ನ ಬಳಿ ಏನೂ ಇರಲಿಲ್ಲ.

ಇನ್ನು ತಾವು ಪ್ರಮಾದ ಎಂದು ಕರೆದಿರುವ ಏಳನೆಯ ದಿನ. ನಮ್ಮ ಹಿರಿಯರೊಬ್ಬರ ಕನ್ನಡಕ ಹೋಟೆಲಿನಲ್ಲಿ ಉಳಿದು, ಬಸ್ಸು ಹಿಂದಕ್ಕೆ ಹೋಗಿ ಬಂದು, ತಡವಾಗಿ, ತಮ್ಮ ವ್ಯವಸ್ಥೆಗೆ ಕಪ್ಪುಚುಕ್ಕೆ ಎಂಬಂತೆ ಎರಡೂ ಬಸ್ಸುಗಳು ಒಂದೇ ಬಂಕಿನಲ್ಲಿ ಸೇರಿಬಿಟ್ಟವು. ನಾಣ್ಯ ಹಾಕಿದರೆ ತೆರೆಯುವ ಶೌಚಾಲಯದ ಗೇಟಿನ ಮುಂದೆ ಚಿಲ್ಲರೆಯಿಲ್ಲದೆ ನಿಂತಿದ್ದ ನನ್ನ ಹಿಂದಿನಿಂದ ಒಂದು ಕೈ ನಾಣ್ಯ ಹಾಕಿತು, ತಿರುಗಿದರೆ ನನ್ನ ಮಗಳು. ಹೊರಗೆ ಬಂದು, ಹಿಂಭಾಗದಲ್ಲಿ ಲಾರಿಗಳು ನಿಲ್ಲುವ ಕಡೆ ಮುಖ ಮಾಡಿದ ಬೆಂಚಿನ ಮೇಲೆ ಐದು ನಿಮಿಷ ಕೂತು ಕೋಡುಬಳೆ ತಿನ್ನೋಣ ಎಂದುಕೊಂಡೆವು. ಅತ್ತ ಟೋನಿಯವರು ತಲೆ ಎಣಿಸಿ, ಒಂದು ಕಡಿಮೆ ಬಂದಾಗ, ಆಂಟಿ ಕೊನೆಗೂ ಮಗಳ ಬಸ್ಸು ಹತ್ತಿಬಿಟ್ಟರು ಎಂದುಕೊಂಡು ಕಂಡೂ ಕಾಣದಂತೆ ಬಸ್ಸು ಹೊರಡಿಸಿದರಂತೆ. ಉತ್ಸಾಹ ಬಸ್ಸಿನ ಮ್ಯಾನೇಜರ್ ರಿಯಾ ಅವರೂ ತಲೆ ಎಣಿಸಿ, ಹುಡುಗಿ ಕೊನೆಗೂ ಅಮ್ಮನ ಬಸ್ಸಿಗೆ ಹೋದಳು ಎಂದುಕೊಂಡು ಹಾಗೇ ಮಾಡಿದರಂತೆ. ಇಬ್ಬರೂ ನಮ್ಮ ಮೇಲಿನ ಕರುಣೆಯಿಂದ ನಿಯಮ ಮುರಿದರು. ತಮ್ಮ ಇಡೀ ಸಂಸ್ಥೆಯಲ್ಲಿ ನಾನು ಕಂಡ ಕರುಣೆ ಇಷ್ಟೇ, ಅದಕ್ಕಾಗಿ ತಾವು ಅವರಿಬ್ಬರಿಗೂ ನೋಟಿಸ್ ಕೊಟ್ಟಿದ್ದೀರೆಂದು ಕೇಳಿದೆ.

ತಮ್ಮ ತುರ್ತು ಸಂಖ್ಯೆಗೆ ಮಗಳು ಫೋನ್ ಮಾಡಿದಳು. ಐಸೆಲಿನ್‌ನಲ್ಲಿ ಆಗ ಬೆಳಗಿನ ಎಂಟು, ತಮ್ಮ ಬಾಗಿಲು ತೆರೆಯುವುದು ಹನ್ನೊಂದಕ್ಕೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಯಂತ್ರ ಹೇಳಿತು. ಅವಳು ಫೋನ್ ಮುಚ್ಚಿಟ್ಟಳು, ನಾವು ಲಾರಿಗಳನ್ನು ನೋಡುತ್ತ ಕೂತೆವು. ಹದಿನೈದು ಲಾರಿ ಹೋದ ಮೇಲೆ ನಾನು, ಮುಂದೆಯೇ ನೋಡುತ್ತ, ಆವತ್ತು ನಿನಗೆ ಹಾಗೆ ಹೇಳಬಾರದಾಗಿತ್ತು ಎಂದೆ. ಅವಳು ಕೋಡುಬಳೆಯೊಂದನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು. ಆಮೇಲೆ, ಅವಳೂ ಲಾರಿಗಳನ್ನೇ ನೋಡುತ್ತ, "ನೀನು ಫೋನ್ ಇಟ್ಟ ಮೇಲೂ ನಾನು ಸ್ವಲ್ಪ ಹೊತ್ತು ಹಲೋ ಹಲೋ ಅಂತಾನೇ ಇದ್ದೆ ಅಮ್ಮ" ಎಂದಳು. ಮಾನ್ಯರೇ, ತಮ್ಮ ಎಂಟು ದೇಶಗಳ ಯಾವ ಗೋಪುರದ ಮುಂದೆಯೂ ನನ್ನ ಎದೆ ಹಾಗೆ ಕುಸಿಯಲಿಲ್ಲ.

ಮಾತು ಶುರುವಾದದ್ದು ಅಲ್ಲಿಂದ. ಮೊದಲು ಕೆಲಸದ ಸುದ್ದಿ ಬಂತು: "ಜಾಬ್ ಹೋಯ್ತಮ್ಮ, ಫೆಬ್ರವರಿಯಲ್ಲೇ." ಗೊತ್ತು ಎಂದೆ. ಗೊತ್ತಿದ್ದೂ ಯಾಕೆ ಕೇಳಲಿಲ್ಲ ಎಂದಳು. ಅದು ನನಗೂ ಬಂದ ಕಾಗದ ಅಂತ ತಿಳಿಯಲಿಲ್ಲ ಕಣೇ ಎಂದೆ, ಅದಕ್ಕೆ ಅವಳು ನಕ್ಕಳೋ ಅತ್ತಳೋ ನಾನು ತಿರುಗಿ ನೋಡಲಿಲ್ಲ. ಆಮೇಲೆ ಮದುವೆಯ ಕತೆಯನ್ನು ಮೊದಲಿನಿಂದ ಹೇಳತೊಡಗಿದಳು. ಒಂದೊಂದೇ ತಿಂಗಳು, ಒಂದೊಂದೇ ಮಾತು. ಕೋಡುಬಳೆ ಮುಗಿಯಿತು, ಅವಳ ಕತೆ ಒಂದು ಭಾನುವಾರದ ಬೆಳಿಗ್ಗೆಗೆ ಬಂದು ತಲುಪಿತು. "ಆ ಸಂಡೇ ಏನಾಯ್ತು ಅಂದ್ರೆ" ಎಂದು ಅವಳು ನನ್ನ ಕೈ ಹಿಡಿದುಕೊಂಡಳು. ಆಗ ತಮ್ಮ ಉತ್ಸಾಹ ಬಸ್ಸು, ಹಾರ್ನ್ ಹೊಡೆಯುತ್ತ, ನಮ್ಮನ್ನು ರಕ್ಷಿಸಲು ಬಂತು.

ಆ ಭಾನುವಾರ ಏನಾಯಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನವೇ ಶಿಸ್ತಿನ ಕ್ರಮವಾಗಿ ನನ್ನನ್ನು ಮತ್ತೆ ಮಜ್ಜಿಗೆಯ ಪಕ್ಕಕ್ಕೆ ಕಳಿಸಲಾಯಿತು. ಸ್ವಿಟ್ಜರ್ಲೆಂಡಿನ ಹಿಮವನ್ನೂ, ಶೌಚಾಲಯದ ಸಾಲಿನಲ್ಲಿ ನಿಂತೇ ಪೂರ್ತಿ ನೋಡಿ ಮುಗಿಸಿದ ಲಿಕ್ಟೆನ್‌ಸ್ಟೈನ್ ದೇಶವನ್ನೂ, ಆಸ್ಟ್ರಿಯಾ, ಇಟಲಿಗಳನ್ನೂ ನಾನು ಆ ಭಾನುವಾರದ ಹಿಂದಿನಿಂದಲೇ ನೋಡಿದೆ. ಈಗ ಮನೆಗೆ ಬಂದು ಮೂರು ವಾರವಾಯಿತು. ಮತ್ತೆ ಅದೇ ಊಟದ ಮೇಜು, ಅದೇ ಎದುರುಬದುರು, ಉಪ್ಪು ಸಾಕೇ. ಅವಳು ದಿನವಿಡೀ ಕೆಲಸಕ್ಕೆ ಅರ್ಜಿ ಹಾಕುತ್ತಾಳೆ, ನಾನು ಜುಲೈ ಮೊದಲ ವಾರ ಊರಿಗೆ ಹೊರಡುತ್ತೇನೆ.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಮ್ರ ಕೋರಿಕೆ ಇಷ್ಟು. ಇಂಥ ಪ್ರಮಾದ ಇನ್ನೆಂದಿಗೂ ಆಗದು ಎಂಬ ಭರವಸೆಯನ್ನು ತಾವು ಈ ಕೂಡಲೇ ಹಿಂತೆಗೆದುಕೊಳ್ಳಬೇಕು. ಅದರ ಬದಲು 'ಅಮ್ಮನ ಜೊತೆ ಪೆಟ್ರೋಲ್ ಬಂಕ್' ಎಂಬ ವಿಶೇಷ ಪ್ರವಾಸವನ್ನು ಏರ್ಪಡಿಸಿ, ಎಂಟು ದೇಶಗಳ ಎಂಟು ಬಂಕುಗಳಲ್ಲಿ ತಾಯಿ-ಮಗಳನ್ನು ಇಳಿಸಿ ಪರಾರಿಯಾಗಬೇಕು. ದಾರಿಯಲ್ಲಿ ಗೋಪುರ, ಜಲಪಾತ, ಚರ್ಚು ಕಂಡರೆ ಬಸ್ಸಿನ ಪರದೆ ಎಳೆಯಬೇಕು. ತಲೆ ಎಣಿಸಲು ಬಲ್ಲವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಟೋನಿ ಮತ್ತು ರಿಯಾ ಅವರಿಗೆ ಬಡ್ತಿ ಕೊಡಬೇಕು. ತಮ್ಮ ಮನೆಯಲ್ಲಿ ಮದುವೆ ನಡೆದರೆ ಇದೇ ವಿಂಗಡಣೆಯನ್ನು ಅನುಸರಿಸಿ, ಮದುಮಗಳನ್ನು ಎಡಿಸನ್ನಿನ ಹಾಲಿನಲ್ಲೂ ಮದುಮಗನನ್ನು ಒಂದು ಗಂಟೆ ತಡವಾಗಿ ಪರ್ಸಿಪನಿಯ ಹಾಲಿನಲ್ಲೂ ಕೂರಿಸಿ, ಮದುವೆ ಒಂದೇ ಅಲ್ಲವೇ ಎಂದು ಬೀಗರಿಗೆ ತಿಳಿಹೇಳಬೇಕು. ಇದೆಲ್ಲ ಸಾಧ್ಯವಾಗದಿದ್ದಲ್ಲಿ ನಮ್ಮಿಬ್ಬರನ್ನು ಮಾತ್ರ ಇನ್ನೊಮ್ಮೆ ಎಲ್ಲಾದರೂ ಮರೆತುಬಿಡಬೇಕು. ಜರ್ಮನಿಯೇ ಆಗಬೇಕೆಂಬ ಹಟವಿಲ್ಲ, ಇಲ್ಲಿಯ ಟರ್ನ್‌ಪೈಕ್ ಹೆದ್ದಾರಿಯ ಯಾವುದಾದರೂ ರೆಸ್ಟ್ ಏರಿಯಾ ಆದೀತು. ಬೆಂಚು ಲಾರಿಗಳ ಕಡೆ ಮುಖ ಮಾಡಿರಬೇಕು, ಅಷ್ಟೇ. ಇನ್ನೊಂದು ನಾಲ್ಕು ಗಂಟೆ ಸಾಕಾಗಬಹುದು.

ತಮ್ಮ ಬಸ್ಸಿನ ಮೇಲೆ ಇಲ್ಲದಿದ್ದರೂ ತಮ್ಮ ಮರೆವಿನ ಮೇಲೆ ಪೂರ್ಣ ನಂಬಿಕೆಯಿಟ್ಟಿರುವ,

ತಮ್ಮ ವಿಶ್ವಾಸಿ,
ಶಿವಲಿಂಗಮ್ಮ
ನಿವೃತ್ತ ಪೋಸ್ಟ್‌ಮಾಸ್ಟರ್, ತಿಪಟೂರು
ಆಶೀರ್ವಾದ ಬಸ್, ಸೀಟು ೧೧

ವಿ.ಸೂ. ೧: ತಾವು ಉಚಿತವಾಗಿ ಕಳಿಸಿದ ನೆನಪಿನ ಆಲ್ಬಮ್ಮನ್ನು ಕೂಪನ್ ಸಮೇತ ರಿಜಿಸ್ಟರ್ಡ್ ಅಂಚೆಯಲ್ಲಿ ಹಿಂತಿರುಗಿಸುತ್ತಿದ್ದೇನೆ. ಐಫೆಲ್ ಗೋಪುರದ ಮುಂದೆ ನಾವಿಬ್ಬರೂ ಕೆನ್ನೆಗೆ ಕೆನ್ನೆ ಒತ್ತಿ ನಿಂತಿರುವ ಚಿತ್ರದಲ್ಲಿ ನಾನು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೇನೆ, ನನ್ನ ಮಗಳು ಮಳೆಗೆ ಕೊಡೆ ಹಿಡಿದಿದ್ದಾಳೆ. ನಮ್ಮನ್ನು ಒಂದು ಬಸ್ಸಿನಲ್ಲಿ ಸೇರಿಸಲಾಗದ ತಮ್ಮ ಸಿಸ್ಟಮ್ಮು ಕಂಪ್ಯೂಟರಿನಲ್ಲಿ ಎಷ್ಟು ಅಚ್ಚುಕಟ್ಟಾಗಿ ಸೇರಿಸಿದೆ! ಬಂಕಿನ ಬೆಂಚಿನ ಫೋಟೋ ಮಾತ್ರ ಅದರಲ್ಲಿ ಇಲ್ಲ.

ವಿ.ಸೂ. ೨: ಈ ಪತ್ರವನ್ನು ಲಕೋಟೆಗೆ ಹಾಕದೆ ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಬೇರೆಯವರ ಕಾಗದ ಓದಬಾರದೆಂಬ ನಿಯಮ ನನ್ನ ಮಗಳಿಗಿಲ್ಲ, ಕೂತು ಪೂರ್ತಿ ಓದಿದ್ದಾಳೆ. ಬಂದು ನೋಡಿದರೆ ಕಾರಿನ ಕೀಲಿ ಕೈಯಲ್ಲಿ ಹಿಡಿದು, ಕೋಡುಬಳೆ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಬಾ ಅಮ್ಮ, ಟರ್ನ್‌ಪೈಕ್ ಕಡೆ ಹೋಗೋಣ. ಆ ಸಂಡೇ ಏನಾಯ್ತು ಅಂತ ಹೇಳ್ತೀನಿ" ಎಂದಳು. ಆದ್ದರಿಂದ ನನ್ನ ಕೊನೆಯ ಕೋರಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ತಮ್ಮಿಂದ ಈಗ ಬೇಕಾಗಿರುವುದು ಒಂದೇ: ಇವತ್ತು ಮಧ್ಯಾಹ್ನ ದಯವಿಟ್ಟು ತಮ್ಮ ಬಸ್ಸು ಆ ಕಡೆ ಬರದಿರಲಿ.